ಯಜಮಾನರ ಫೋನಿನಲ್ಲಿ ಯಾರಿದ್ದಾರೆ? ತಿಪಟೂರು ಸೀಮೆಯ ಒಂದು ಕಾಯಿ ಪೌಡರ್ ಕಂಪನಿಯ ಪ್ರಕರಣ

ಆವತ್ತು ಕೊಬ್ಬರಿ ಟೆಂಡರ್ ದಿನ. ತಿಪಟೂರು ಎ.ಪಿ.ಎಂ.ಸಿ. ಯಾರ್ಡಿನ ಹೊರಗೆ ಹೋಟೆಲ್ ಬೆಂಚಿನ ಮೇಲೆ ಕೂತು ಯಜಮಾನರು ತಟ್ಟೆ ಇಡ್ಲಿ ಮುರಿಯುತ್ತಿದ್ದರು. ಇಡ್ಲಿ ಮುಗಿಯುವಷ್ಟರಲ್ಲಿ ಅವರ ಫೋನು ಹದಿನಾಲ್ಕು ಸಲ ಬಡಿದುಕೊಂಡಿತು. ನಾನು ಸುಮ್ನೆ ಎಣಿಸುತ್ತಿದ್ದೆ. ಅದರಲ್ಲಿ ಹನ್ನೊಂದು ಸಲ ಮಾತು ಒಂದೇ: "ಎಷ್ಟಕ್ಕೆ ಹೋಯ್ತು?" ಉತ್ತರವೂ ಒಂದೇ. ಫೋನ್ ಮಾಡಿದವರೆಲ್ಲ ಒಬ್ಬರಿಗೊಬ್ಬರು ಗೊತ್ತಿರುವವರು. ಒಬ್ಬರಂತೂ ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದರು.

ನಾನು ಈ ಕಂಪನಿಯ ಲೆಕ್ಕ ನೋಡಿಕೊಳ್ಳುವವನು. ಹನ್ನೊಂದು ವರ್ಷವಾಯಿತು. ಜಿ.ಎಸ್.ಟಿ., ಬ್ಯಾಂಕಿನ ಸ್ಟೇಟ್‌ಮೆಂಟ್, ಸಾಲದ ಕಂತು ಎಲ್ಲ ನನ್ನ ಮೇಜಿನ ಮೇಲೇ ಹಾದು ಹೋಗುತ್ತೆ. ಈ ಪ್ರಕರಣ ಬರೆಯೋದಕ್ಕೆ ಮನೆಯವರು ಒಪ್ಪಿದ್ದಾರೆ. "ಹೆಸರು ಮಾತ್ರ ಬೇಡ ಸಾರ್" ಅಂದರು. ಹಾಗಾಗಿ ಯಜಮಾನರು, ಅವರ ತಮ್ಮ, ಯಜಮಾನರ ಮಗಳು ಅಂತಲೇ ಕರೆಯುತ್ತೇನೆ. ಮೂವರೂ ಕಂಪನಿಯ ಡೈರೆಕ್ಟರುಗಳು.

ಲೆಕ್ಕದವನಿಗೆ ಫೋನಿನ ಉಸಾಬರಿ ಯಾಕೆ ಅಂತ ಕೇಳಬಹುದು. ಕಾರಣ ಇದೆ. ಇದೇ ಸೀಮೆಯ ಏಳು ಕಾಯಿ ಪೌಡರ್ ಯೂನಿಟ್‌ಗಳಲ್ಲಿ ನಾಲ್ಕರ ಲೆಕ್ಕ ನನ್ನ ಬಳಿ ಇತ್ತು. ನಾಲ್ಕು ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಟ್ಟರೆ ಯಾವುದು ಯಾರದ್ದು ಅಂತ ಹೇಳೋದು ಕಷ್ಟವಾಗಿತ್ತು. ಅದೇ ಮಷಿನ್, ಅದೇ ಸಾಲ, ಅದೇ ಗಿರಾಕಿ, ಅದೇ ನಷ್ಟ. ಇವರೇನು ಒಟ್ಟಿಗೆ ಕೂತು ಪ್ಲ್ಯಾನ್ ಮಾಡಿದವರಲ್ಲ. ಒಟ್ಟಿಗೆ ಕೂತು ಇಡ್ಲಿ ತಿಂದವರು, ಅಷ್ಟೇ.

ಮೊದಲು ಕಸುಬಿನ ವಿಷಯ ಸ್ವಲ್ಪ ಹೇಳಬೇಕು.

ತಿಪಟೂರು ಅಂದರೆ ಹೊರಗಿನವರಿಗೆ ಉಂಡೆ ಕೊಬ್ಬರಿ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗೆ ನೀರು ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಡಲೊಡ ಅನ್ನುತ್ತೆ. ಅದನ್ನು ಒಡೆದು ತೆಗೆದ ಉಂಡೆ ಉತ್ತರ ಭಾರತದ ಮದುವೆ, ಹಬ್ಬಗಳಿಗೆ ಹೋಗುತ್ತೆ. ಕಾಯಿ ಪೌಡರ್ ಬೇರೆಯೇ ಕಸುಬು. ಇದಕ್ಕೆ ಅಟ್ಟದ ಕಾಯಿ ಬೇಡ, ಬಲಿತ ಹಸಿ ಕಾಯಿ ಬೇಕು. ಮಟ್ಟೆ ಸುಲಿದು, ಚಿಪ್ಪು ಬಿಡಿಸಿ, ತಿರುಳಿನ ಮೇಲಿನ ಕಂದು ಸಿಪ್ಪೆ ಹೆರೆದು, ತೊಳೆದು, ಪುಡಿ ಮಾಡಿ, ಡ್ರೈಯರಿಗೆ ಬಿಟ್ಟು, ತೇವಾಂಶ 3% ಒಳಗೆ ಬಂದ ಮೇಲೆ ಜರಡಿ ಹಿಡಿದು ಚೀಲ ಕಟ್ಟುತ್ತಾರೆ. ಒಂದು ಕೆಜಿ ಪೌಡರಿಗೆ ಎಂಟರಿಂದ ಹತ್ತು ಕಾಯಿ ಬೇಕು. ಹಾಗಾಗಿ ಇಲ್ಲಿ ಲಾಭ ನಷ್ಟ ಎಲ್ಲ ಕಾಯಿ ಕೊಳ್ಳುವ ಜಾಗದಲ್ಲೇ ತೀರ್ಮಾನವಾಗುತ್ತೆ ಅನ್ನೋದು ಊರಿನ ನಂಬಿಕೆ. ಈ ನಂಬಿಕೆ ಅರ್ಧ ಸುಳ್ಳು. ಅದು ಗೊತ್ತಾಗೋದಕ್ಕೆ ಮೂರು ವರ್ಷ ಬೇಕಾಯಿತು.

ಯಜಮಾನರದ್ದು ಕಾಯಿ ಕೊಳ್ಳುವುದರಲ್ಲಿ ಎತ್ತಿದ ಕೈ. ಯಾವ ತೋಟದ ಕಾಯಿ ಯಾವಾಗ ಇಳಿಯುತ್ತೆ, ಯಾರ ಮನೆಯಲ್ಲಿ ಮದುವೆ ಇದೆ, ಯಾರಿಗೆ ತುರ್ತಾಗಿ ದುಡ್ಡು ಬೇಕು, ಚಿಕ್ಕನಾಯಕನಹಳ್ಳಿ ಕಡೆ ಕಪ್ಪು ತಲೆ ಹುಳು ಯಾವ ತೋಟಕ್ಕೆ ಬಿದ್ದಿದೆ, ಎಲ್ಲ ಅವರ ಬಾಯಲ್ಲಿ. ಇದು ಯಾವ ಕಂಪ್ಯೂಟರಿನಲ್ಲೂ ಸಿಗೋದಿಲ್ಲ. ಇಪ್ಪತ್ತು ವರ್ಷದ ಜಾತ್ರೆ, ಚೀಟಿ, ಗೃಹಪ್ರವೇಶ, ತಿಥಿ ಊಟಗಳಿಂದ ಬಂದದ್ದು. ಏಳು ಯೂನಿಟ್‌ಗಳ ಮಾಲೀಕರೂ ಹೀಗೇ ಬೆಳೆದವರು. ಒಬ್ಬರ ಡ್ರೈಯರ್ ಕೆಟ್ಟರೆ ಇನ್ನೊಬ್ಬರ ಮೆಕ್ಯಾನಿಕ್ ಓಡುತ್ತಾನೆ. ಒಬ್ಬರಿಗೆ ಕಾಯಿ ಕಮ್ಮಿ ಬಿದ್ದರೆ ಇನ್ನೊಬ್ಬರು ಅರ್ಧ ಲೋಡ್ ಕಳಿಸುತ್ತಾರೆ. ಪುಸ್ತಕದಲ್ಲಿ ಬರೆದುಕೊಳ್ಳೋದೂ ಇಲ್ಲ.

ಆದರೆ ಒಂದು ವಿಚಿತ್ರ. ಕೊಂಡ ರೇಟು ಎಲ್ಲರೂ ಹೇಳುತ್ತಾರೆ. ಮಾರಿದ ರೇಟು ಯಾರೂ ನಿಜ ಹೇಳೋದಿಲ್ಲ. ನಾಲ್ಕು ಮಂದಿಯ ಬಿಲ್ಲು ನೋಡುವವನು ನಾನು. ಬೆಂಚಿನ ಮೇಲೆ ಕೂತು ಅವರು ಹೇಳುವ ರೇಟಿಗೂ ಬಿಲ್ಲಿನಲ್ಲಿರುವ ರೇಟಿಗೂ ಕೆಜಿಗೆ ಮೂರು ನಾಲ್ಕು ರೂಪಾಯಿ ವ್ಯತ್ಯಾಸ. ಮರ್ಯಾದೆ ಪ್ರಶ್ನೆ, ಅಲ್ವಾ? ಈ ಸಂಕೋಚವನ್ನು ಚೆನ್ನಾಗಿ ಬಳಸಿಕೊಂಡವನು ದೆಹಲಿಯ ದಲ್ಲಾಳಿ. ಖಾರಿ ಬಾವ್ಲಿ ಮಾರುಕಟ್ಟೆಗೆ ಮಾಲು ಹಾಕಿಸುವ ಆತ ಏಳು ಮಂದಿಗೂ ಬೇಕಾದವನು. "ನಿಮ್ಮ ಪಕ್ಕದವರು ಎರಡು ರೂಪಾಯಿ ಕಮ್ಮಿಗೆ ಕೊಟ್ಟಿದ್ದಾರೆ" ಅಂತ ಒಬ್ಬೊಬ್ಬರಿಗೂ ಹೇಳುತ್ತಿದ್ದ. ಪಕ್ಕದವರನ್ನು ಕೇಳಿ ನೋಡುವ ಧೈರ್ಯ ಯಾರಿಗೂ ಇಲ್ಲ. ಲಾರಿ ಇಳಿದ ಮೇಲೆ "ಕಲರ್ ಕಮ್ಮಿ" ಅಂತ ಇನ್ನೆರಡು ರೂಪಾಯಿ ಕಟ್. ವಾಪಸ್ ತರೋದಕ್ಕೆ ಲಾರಿ ಬಾಡಿಗೆ ಎಲ್ಲಿಂದ ತರೋದು?

ಅಮೆರಿಕದ ಸಮಾಜಶಾಸ್ತ್ರಜ್ಞ ರೊನಾಲ್ಡ್ ಬರ್ಟ್ 1992ರಲ್ಲಿ ಹೇಳಿದ ಮಾತು ಇದೇ. ಎರಡು ಗುಂಪಿನ ನಡುವೆ ಯಾರೂ ದಾಟದ ಖಾಲಿ ಜಾಗ ಇರುತ್ತೆ. ಅಲ್ಲಿ ನಿಂತವನಿಗೆ ಎರಡೂ ಕಡೆಯ ಸುದ್ದಿ ಸಿಗುತ್ತೆ, ಲಾಭವೂ ಸಿಗುತ್ತೆ. ನಮ್ಮ ಏಳು ಮಂದಿ ಒಬ್ಬರ ಭುಜ ಒಬ್ಬರಿಗೆ ತಾಗುವಷ್ಟು ಹತ್ತಿರ ಇದ್ದರು. ಆದರೂ ದುಡ್ಡು ಇದ್ದ ಜಾಗದಲ್ಲೇ ತೂತು ಬಿಟ್ಟಿದ್ದರು.

2023ರಲ್ಲಿ ಕೊಬ್ಬರಿ ರೇಟು ಕುಸಿಯಿತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆ ರೇಟು ಅದಕ್ಕಿಂತ ಎಷ್ಟೋ ಕೆಳಗಿತ್ತು. ರೈತರು ತಿಪಟೂರಿನಲ್ಲಿ ಧರಣಿ ಕೂತರು. ಕಾಯಿ ಅಗ್ಗ. ಪೌಡರಿನವರಿಗೆ ಸುಗ್ಗಿ. ಒಬ್ಬರು ದೊಡ್ಡ ಡ್ರೈಯರ್ ತಂದರು. ಎಂಟು ತಿಂಗಳಲ್ಲಿ ಐದು ಮಂದಿ ತಂದರು. ಅದೇ ವರ್ಕ್‌ಶಾಪ್, ಅದೇ ಸೈಜು, ಹಸಿರು ಪೇಂಟು ಕೂಡ ಅದೇ. ನಮ್ಮ ಯಜಮಾನರು ನಾಲ್ಕನೆಯವರು. ಸಾಲದ ಪ್ರಾಜೆಕ್ಟ್ ರಿಪೋರ್ಟ್ ಮಾಡಿದ್ದು ನಾನೇ. ಮೊದಲನೆಯವರದ್ದನ್ನು ತೆಗೆದು ಹೆಸರು ಬದಲಿಸಿದ್ದೆ ಅಂತ ಒಪ್ಪಿಕೊಳ್ಳೋದಕ್ಕೆ ನಾಚಿಕೆಯೇನಿಲ್ಲ. ಬ್ಯಾಂಕಿನವರೂ ಹಾಗೇ ಒಪ್ಪಿದರು.

ಆಮೇಲೆ ಗಾಳಿ ತಿರುಗಿತು. 2024ರ ಕೊನೆಯಿಂದ ಕಾಯಿ ರೇಟು ಏರುತ್ತಾ ಹೋಯಿತು. 2025ರಲ್ಲಿ ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 20,000 ದಾಟಿತು. ಬೆಂಬಲ ಬೆಲೆ ಆ ವರ್ಷ 12,100. ಇಳುವರಿ ಕಮ್ಮಿ, ಎಳನೀರಿಗೆ ಕಾಯಿ ಹೋಗೋದು ಬೇರೆ. ರೈತ ಹಸಿ ಕಾಯಿ ಕೊಡುವ ಬದಲು ಅಟ್ಟಕ್ಕೆ ಹಾಕಿದ. ತಪ್ಪೇನಿದೆ? ಡ್ರೈಯರ್ ವಾರಕ್ಕೆ ಮೂರು ದಿನ ಖಾಲಿ ನಿಂತಿತು. ಕಂತು ಮಾತ್ರ ಖಾಲಿ ನಿಲ್ಲೋದಿಲ್ಲ.

ಈ ಹೊತ್ತಲ್ಲಿ ಯಜಮಾನರು ಮಾಡಿದ್ದೇನು? ಇನ್ನೂ ಜಾಸ್ತಿ ಫೋನ್ ಮಾಡಿದರು. ಅದೇ ಜನಕ್ಕೆ.

ಇದು ಇವರೊಬ್ಬರ ಸ್ವಭಾವ ಅಂದುಕೊಂಡಿದ್ದೆ. ಆಮೇಲೆ ಓದಿದೆ. ಮೆಕ್‌ಡೊನಾಲ್ಡ್ ಮತ್ತು ವೆಸ್ಟ್‌ಫಾಲ್ ಅನ್ನುವ ಇಬ್ಬರು ಸಂಶೋಧಕರು 2003ರಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಸಿ.ಇ.ಒ.ಗಳ ಬಗ್ಗೆ ಬರೆದಿದ್ದಾರೆ. ಕಂಪನಿ ಕುಂಟಿದಾಗ ಸಿ.ಇ.ಒ. ಸಲಹೆ ಕೇಳೋದು ತನ್ನ ಸ್ನೇಹಿತರನ್ನೇ, ತನ್ನಂಥದೇ ಕಸುಬಿನವರನ್ನೇ. ಅವರು ಬೆನ್ನು ತಟ್ಟುತ್ತಾರೆ, "ನೀವು ಹಿಡಿದ ದಾರಿ ಸರಿ, ಕಾಲ ಸರಿ ಇಲ್ಲ" ಅನ್ನುತ್ತಾರೆ. ಹೀಗೆ ಕೇಳಿದಷ್ಟೂ ಕಂಪನಿ ದಾರಿ ಬದಲಿಸೋದು ಕಮ್ಮಿಯಾಗುತ್ತೆ. ನಮ್ಮ ಬೆಂಚಿನ ಮೇಲೆ ಆ ಮಾತು ಕನ್ನಡದಲ್ಲೇ ಕೇಳಿಸುತ್ತಿತ್ತು: "ಎಲ್ರಿಗೂ ಹಂಗೇ ಐತೆ ಬಿಡಣ್ಣ."

ಎಲ್ಲರಿಗೂ ಹಾಗೇ ಇದೆ ಅಂದರೆ ಮನಸ್ಸಿಗೆ ಸಮಾಧಾನ. ಬ್ಯಾಂಕಿಗೆ ಅಲ್ಲ.

ಆ ದಿನಗಳಲ್ಲೇ ಬೆಂಚಿನ ಮೇಲೆ ಇನ್ನೊಂದು ಯೋಚನೆ ಹುಟ್ಟಿತು. ಕೆಜಿ ಕಾಯಿಗೆ ಇಷ್ಟಕ್ಕಿಂತ ಜಾಸ್ತಿ ಯಾರೂ ಕೊಡಬಾರದು ಅಂತ ಏಳು ಮಂದಿ ಮಾತಾಡಿಕೊಳ್ಳೋದು. ನನ್ನನ್ನು ಕೇಳಿದರು. ಬೇಡ ಅಂದೆ. 2002ರ ಸ್ಪರ್ಧಾ ಕಾಯ್ದೆಯ 3ನೇ ಕಲಂ ಪ್ರಕಾರ, ಪೈಪೋಟಿ ಮಾಡಬೇಕಾದವರು ಸೇರಿ ಬೆಲೆ ಕಟ್ಟುವ ಹಾಗಿಲ್ಲ. ಮಾರುವ ಬೆಲೆ ಮಾತ್ರ ಅಲ್ಲ, ಕೊಳ್ಳುವ ಬೆಲೆಯೂ ಸೇರುತ್ತೆ. ಕಾಗದದ ಮೇಲೆ ಇರಬೇಕು ಅಂತಲೂ ಇಲ್ಲ. 2012ರಲ್ಲಿ ಸ್ಪರ್ಧಾ ಆಯೋಗ ಸಿಮೆಂಟ್ ಕಂಪನಿಗಳ ಮೇಲೆ 6,000 ಕೋಟಿಗೂ ಜಾಸ್ತಿ ದಂಡ ಹಾಕಿದ್ದು ಇಂಥ ಆರೋಪಕ್ಕೇ. "ನಾವೇನು ಸಿಮೆಂಟ್ ಕಂಪನಿನಾ ಸಾರ್" ಅಂತ ನಕ್ಕರು. ಮಾತಾಡಿಕೊಂಡರೋ ಇಲ್ಲವೋ ನಾನು ಕೇಳೋದಕ್ಕೆ ಹೋಗಲಿಲ್ಲ. ಒಂಬತ್ತನೇ ದಿನ ಅವರಲ್ಲೇ ಒಬ್ಬರು ರಾತ್ರಿ ತುರುವೇಕೆರೆ ಕಡೆ ಹೋಗಿ ತೋಟದಲ್ಲೇ ರೇಟು ಜಾಸ್ತಿ ಕೊಟ್ಟು ಎರಡು ಲೋಡ್ ತುಂಬಿಕೊಂಡು ಬಂದರು ಅಂತ ಗೊತ್ತಾಯಿತು. ವಿಷಯ ಅಲ್ಲಿಗೆ ಮುಗಿಯಿತು.

ಈಗ ಮಗಳ ವಿಷಯ. ಓದಿದ್ದು ತುಮಕೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಬೆಂಗಳೂರಿನಲ್ಲಿ ಮೂರು ವರ್ಷ ಕೆಲಸ ಮಾಡಿ 2021ರಲ್ಲಿ ವಾಪಸ್ ಬಂದವಳು. ಡೈರೆಕ್ಟರ್ ಅಂತ ಹೆಸರು. ಕೆಲಸ ಮಾತ್ರ ಇ-ವೇ ಬಿಲ್ ತೆಗೆಯೋದು, ಸಂಬಳ ಹಾಕೋದು. ಅವಳೇ ಒಂದು ದಿನ ನನ್ನ ಆಫೀಸಿಗೆ ಬಂದು, "ಅಪ್ಪಾಜಿ ಯಾರ ಮಾತು ಕೇಳ್ತಾರೆ ಅಂತ ಪಟ್ಟಿ ಮಾಡೋಣ ಸಾರ್" ಅಂದಳು. ನನಗೂ ಕುತೂಹಲ. ಮೂವರ ಫೋನಿನಲ್ಲೂ ಒಂದು ತಿಂಗಳ ಕರೆಗಳನ್ನು ನೋಡಿ ಬರೆಯೋದು ಅಂತಾಯಿತು. ಯಜಮಾನರು, "ನಂದೇನು ಮುಚ್ಚುಮರೆ ಇಲ್ಲ, ಬರ್ಕೊಳ್ಳಮ್ಮ" ಅಂತ ಫೋನು ಕೊಟ್ಟರು.

ಹಳೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆ ತಿರುಗಿಸಿ ಅದರ ಬೆನ್ನಿಗೆ ಬರೆದೆವು. ಒಬ್ಬೊಬ್ಬರಿಗೂ ಒಂದು ಸುತ್ತು. ಇಬ್ಬರಿಗೆ ಪರಸ್ಪರ ಗೊತ್ತಿದ್ದರೆ ನಡುವೆ ಒಂದು ಗೆರೆ. ಯಜಮಾನರ ಭಾಗ ಬರೆಯುವಾಗ ಪೆನ್ನು ಹಾಳೆ ಹರಿಯಿತು, ಅಷ್ಟು ಗೆರೆ. ಆರು ನೂರು ಚಿಲ್ಲರೆ ಕರೆಗಳಲ್ಲಿ ಮುಕ್ಕಾಲು ಪಾಲು ಹನ್ನೊಂದು ಮಂದಿಗೆ. ಹನ್ನೊಂದು ಮಂದಿಗೂ ಒಬ್ಬರಿಗೊಬ್ಬರ ಪರಿಚಯ. ಎಂಟು ಮಂದಿ ಕಾಯಿ, ಕೊಬ್ಬರಿ, ಪೌಡರಿನವರೇ. ಉಳಿದ ಮೂವರಲ್ಲಿ ಇಬ್ಬರು ಬೀಗರು. ಅಟ್ಟದ ಕಾಯೊಳಗೆ ಕೊಬ್ಬರಿ ಆಡುವ ಹಾಗೆ ಸುದ್ದಿ ಅದರೊಳಗೇ ಲೊಡಲೊಡ ಅನ್ನುತ್ತಿತ್ತು. ಹೊರಗೆ ಹೋಗಲು ದಾರಿ ಇಲ್ಲ, ಒಳಗೆ ಬರೋದಕ್ಕೂ ಇಲ್ಲ.

ತಮ್ಮನದ್ದು ಬೇರೆ ಥರ. ಲಾರಿ ಡ್ರೈವರುಗಳು, ಕಾಯಿ ಸುಲಿಯುವವರ ಮೇಸ್ತ್ರಿ, ಬಾಯ್ಲರ್ ಮೆಕ್ಯಾನಿಕ್, ಲೈನ್‌ಮನ್, ಚಿಪ್ಪು ಕೊಳ್ಳೋದಕ್ಕೆ ಕಾಂಗೇಯಂ ಕಡೆಯಿಂದ ಬರುವ ಒಬ್ಬ ತಮಿಳಿನವರು. ಈ ಕೊನೆಯ ಸುತ್ತಿನಿಂದ ಯಾವ ಗೆರೆಯೂ ಬೇರೆ ಕಡೆ ಹೋಗಿರಲಿಲ್ಲ. ಅದನ್ನು ಆವತ್ತು ಯಾರೂ ಗಮನಿಸಲಿಲ್ಲ, ನಾನೂ ಸೇರಿ.

ಮಗಳ ಕರೆಗಳು ಕಮ್ಮಿ. ಆದರೆ ಸುತ್ತುಗಳು ದೂರ ದೂರ. ಬೆಂಗಳೂರು, ಪುಣೆ, ಮೈಸೂರು, ಕೊಚ್ಚಿ. ಗೆರೆಗಳು ಕಮ್ಮಿ, ಯಾಕೆಂದರೆ ಅವರಿಗೆ ಒಬ್ಬರಿಗೊಬ್ಬರು ಗೊತ್ತೇ ಇಲ್ಲ. ಯಜಮಾನರು ಹಾಳೆ ನೋಡಿ, "ಇವ್ರಲ್ಲಿ ಒಬ್ರಾದ್ರೂ ಒಂದು ಲೋಡ್ ಕಾಯಿ ಸಾಲ ಕೊಡ್ತಾರಾ?" ಅಂದರು. ಒಳ್ಳೆಯ ಪ್ರಶ್ನೆ. ಆಗ ನಾನು ಅವರ ಪರ ಇದ್ದೆ.

ದಾರಿ ತೆರೆದದ್ದು ಇಂಥ ಒಂದು ದೂರದ ಸುತ್ತಿನಿಂದ. ಮಗಳಿಗೆ ಕಾಲೇಜಿನಲ್ಲಿ ಸೀನಿಯರ್ ಆಗಿದ್ದವರೊಬ್ಬರು. ಒಂದು ಬಿಸ್ಕತ್ತು, ಚಾಕೊಲೇಟ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ವರ್ಷಕ್ಕೊಮ್ಮೆ ದೀಪಾವಳಿಗೆ ಮೆಸೇಜು, ಅಷ್ಟೇ ಒಡನಾಟ. ಮಗಳು ಫೋನ್ ಮಾಡಿ ನೇರವಾಗಿ ಕೇಳಿದಳು: ನಮ್ಮ ಕಡೆ ಪೌಡರ್ ನೀವು ಯಾಕೆ ತಗೊಳ್ಳೋದಿಲ್ಲ? ರೇಟು ಅಂತಾರೆ ಅಂದುಕೊಂಡಿದ್ದಳು. ಅವರು ಹೇಳಿದ್ದೇ ಬೇರೆ. ರೇಟಿನ ಮಾತಿಗೆ ಬರುವ ಮುಂಚೆಯೇ ಸ್ಯಾಂಪಲ್ ಸೂಕ್ಷ್ಮಾಣು ಟೆಸ್ಟಿನಲ್ಲಿ ಬಿದ್ದು ಹೋಗುತ್ತೆ. ಬಿಸ್ಕತ್ತಿನ ಒಳಗೆ ಬೇಯುವ ಪೌಡರ್ ಒಂದು, ಬೆಂದ ಮೇಲೆ ಮೇಲೆ ಉದುರಿಸುವ ಪೌಡರ್ ಇನ್ನೊಂದು. ಎರಡನೆಯದು ಮತ್ತೆ ಬೆಂಕಿ ಕಾಣೋದಿಲ್ಲ. ಅದರಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ 25 ಗ್ರಾಂ ಸ್ಯಾಂಪಲಿನಲ್ಲಿ ಒಂದೂ ಇರಕೂಡದು. ಕಾಯಿ ನೆಲದ ಮೇಲೆ ಬಿದ್ದಿರುತ್ತೆ, ಕೈಯಲ್ಲಿ ಹೆರೆಯುತ್ತಾರೆ, ಅದೇ ಚಪ್ಪಲಿಯಲ್ಲಿ ಡ್ರೈಯರ್ ರೂಮಿಗೂ ಓಡಾಡುತ್ತಾರೆ. ಇನ್ನೇನಾಗುತ್ತೆ?

ಅಂದರೆ ಕೊಳ್ಳುವ ಜಾಗದಲ್ಲಿ ಮೂರು ಪೈಸೆ ಉಳಿಸೋದಕ್ಕೆ ಏಳು ಮಂದಿ ಹೋರಾಡುತ್ತಿದ್ದರು. ಮಾರುವ ಜಾಗದಲ್ಲಿ ಬಾಗಿಲು ಮುಚ್ಚಿದ್ದು ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ದೆಹಲಿಯ ದಲ್ಲಾಳಿಗೆ ಗೊತ್ತಿತ್ತೋ ಏನೋ. ಗೊತ್ತಿದ್ದರೂ ಹೇಳೋದಕ್ಕೆ ಅವನಿಗೇನು ಹುಚ್ಚೇ?

ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು ಬಾಸ್ಟನ್ ಹತ್ತಿರದ ನ್ಯೂಟನ್ ಊರಿನಲ್ಲಿ, ಪರಿಚಯದ ಮೂಲಕ ಕೆಲಸ ಹಿಡಿದವರನ್ನು ಒಂದು ಪ್ರಶ್ನೆ ಕೇಳಿದ್ದರು. ಸುದ್ದಿ ಕೊಟ್ಟವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ? ಮೇಲಿಂದ ಮೇಲೆ ಅಂದವರು ನೂರಕ್ಕೆ 17. ಆಗೊಮ್ಮೆ ಈಗೊಮ್ಮೆ ಅಂದವರು 56. ತೀರಾ ಅಪರೂಪ ಅಂದವರು 28. 1973ರ ಲೇಖನ ಅದು. ಹತ್ತಿರದವರಿಗೆ ಗೊತ್ತಿರೋದು ನಮಗೂ ಆಗಲೇ ಗೊತ್ತಿರುತ್ತೆ, ಹೊಸದು ಬರೋದು ದೂರದವರಿಂದ ಅನ್ನೋದು ಅವರ ವಾದ. ದೀಪಾವಳಿ ಮೆಸೇಜಿನ ಸೀನಿಯರ್ ಸರಿಯಾಗಿ ಇದೇ ಲೆಕ್ಕಕ್ಕೆ ಬರುತ್ತಾರೆ. ಇದನ್ನೇ ಹಿಡಿದುಕೊಂಡು ಸಿಕ್ಕ ಸಿಕ್ಕವರಿಗೆ ವಿಸಿಟಿಂಗ್ ಕಾರ್ಡ್ ಹಂಚುವ ಸಭೆಗಳು ತುಮಕೂರಿನ ಹೋಟೆಲುಗಳಲ್ಲೂ ನಡೆಯುತ್ತವೆ. ನಾನು ಎರಡಕ್ಕೆ ಹೋಗಿದ್ದೆ. ಊಟ ಚೆನ್ನಾಗಿತ್ತು. ಪರಿಚಯ ಇದ್ದರೆ ಸಾಲದು, ಏನು ಕೇಳಬೇಕು ಅಂತಲೂ ಗೊತ್ತಿರಬೇಕು. ಮಗಳಿಗೆ ಅದು ಗೊತ್ತಿತ್ತು.

ಅವಳು ಮೈಸೂರಿನ ಸಿ.ಎಫ್.ಟಿ.ಆರ್.ಐ.ಗೆ ಹೋಗಿ ಬಂದಳು. 1950ರಿಂದ ಇರುವ ಆಹಾರ ಸಂಶೋಧನಾ ಸಂಸ್ಥೆ. ನಮ್ಮ ಊರಿನಿಂದ ನಾಲ್ಕು ಗಂಟೆ ದಾರಿ. ಏಳು ಮಾಲೀಕರಲ್ಲಿ ಒಬ್ಬರೂ ಅದರ ಗೇಟು ನೋಡಿರಲಿಲ್ಲ. ವಾಪಸ್ ಬಂದು ಒಂದು ನಕ್ಷೆ ಬರೆದಳು: ಹಸಿ ಕೆಲಸದ ಕಡೆಗೂ ಒಣ ಕೆಲಸದ ಕಡೆಗೂ ನಡುವೆ ಗೋಡೆ, ತಿರುಳಿಗೆ ಕ್ಲೋರಿನ್ ನೀರಿನ ತೊಳೆತ, ಡ್ರೈಯರಿಗೆ ಮುಂಚೆ ಹಬೆ ಕೊಡುವ ಲೈನು, ಒಳಗೆ ಬೇರೆ ಚಪ್ಪಲಿ, ಒಂದು ಸಣ್ಣ ಲ್ಯಾಬ್. ಖರ್ಚು ಹಸಿರು ಡ್ರೈಯರಿನ ಅರ್ಧದಷ್ಟು.

ಮಾತು ನಡೆದದ್ದು ಮನೆಯ ಜಗಲಿಯಲ್ಲಿ. ನಾನೂ ಇದ್ದೆ. ಬೆಂಚಿನ ಸ್ನೇಹಿತರಲ್ಲಿ ಇಬ್ಬರು ಬಂದು ಕೂತಿದ್ದರು. ಕಂಪನಿಗೆ ಅವರು ಡೈರೆಕ್ಟರುಗಳಲ್ಲ, ಆದರೆ ಅವರಿಲ್ಲದೆ ಯಜಮಾನರು ದೊಡ್ಡ ಖರ್ಚು ಮಾಡಿದ್ದೇ ಇಲ್ಲ.

"ಟೆಸ್ಟಿಗೆ ಹಾಕೋ ದುಡ್ಡಲ್ಲಿ ನಾಲ್ಕು ಲೋಡ್ ಕಾಯಿ ಬರ್ತದೆ ಕಣಮ್ಮ" ಅಂದರು ಒಬ್ಬರು. "ಯಾರಾದ್ರೂ ಮಾಡವ್ರಾ ಇದ್ನ?"

"ಯಾರೂ ಮಾಡಿಲ್ಲ ಮಾವ. ಅದಕ್ಕೇ ಮಾಡೋಣ ಅಂತಿರೋದು."

"ಮಾಡ್ದೆ ಇರಾಕೆ ಒಂದು ಕಾರಣ ಇರ್ತದಲ್ಲ?"

ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಎಲೆ ಅಡಿಕೆ ತಟ್ಟೆ ಎಳೆದುಕೊಂಡು, ಎಲೆಗೆ ಸುಣ್ಣ ಸವರಿ, ಮಡಿಸದೆ ಹಾಗೇ ಇಟ್ಟರು. ಆಮೇಲೆ ತಮ್ಮನ ಕಡೆ ನೋಡಿದರು. ತಮ್ಮ ಹೇಳಿದ್ದು ಒಂದೇ ಮಾತು: "ಅಣ್ಣ, ಡ್ರೈಯರ್ ತರುವಾಗ ಎಲ್ರೂ ಹೂ ಅಂದಿದ್ರು. ಈಗ ಕಂತು ನಾವೊಬ್ರೇ ಕಟ್ತಾ ಇದೀವಿ."

ನನ್ನ ಲೆಕ್ಕದಲ್ಲಿ ತಿರುವು ಅಲ್ಲೇ ಬಂತು. ಮಗಳ ನಕ್ಷೆಗೆ ಯಜಮಾನರು ಬಗ್ಗಿದವರಲ್ಲ, ತಮ್ಮನ ಮಾತಿಗೆ ಬಗ್ಗಿದರು. ಹೊರಗಿನ ಸುದ್ದಿ ಎಷ್ಟೇ ಸರಿ ಇರಲಿ, ಅದನ್ನು ಒಳಗಿನವರೊಬ್ಬರು ಎತ್ತಿಕೊಳ್ಳದೆ ಹೋದರೆ ಜಗಲಿ ದಾಟೋದಿಲ್ಲ. ಮಾರನೇ ದಿನ ಸಾಲದ ರಿಪೋರ್ಟ್ ಮಾಡು ಅಂದರು. ಈ ಸಲ ಹೆಸರು ಬದಲಿಸಿ ಕೊಡಲು ಹಳೆಯದೊಂದೂ ಇರಲಿಲ್ಲ. ಮೂರು ವಾರ ಹಿಡಿಯಿತು.

ಹಬೆ ಲೈನು ಕೂರಿಸಿದ ಮೇಲೆ ಮೊದಲ ಎರಡು ಸ್ಯಾಂಪಲ್ ಫೇಲ್. ಒಂದು ಸಲ ನೀರಿನ ಟ್ಯಾಂಕಿನಿಂದ, ಇನ್ನೊಂದು ಸಲ ಜರಡಿ ಹಿಡಿಯುವವರ ಕೈಯಿಂದ. ಮೂರನೆಯದು ಪಾಸಾಯಿತು. ದಸರಾ ಹೊತ್ತಿಗೆ ಮೊದಲ ಆರ್ಡರ್ ಬಂತು. ದೆಹಲಿ ರೇಟಿಗಿಂತ ಜಾಸ್ತಿ, ಕಲರ್ ಕಟ್ ಇಲ್ಲ, ಆರು ತಿಂಗಳಿಗೆ ಒಂದೇ ಒಪ್ಪಂದ.

ಸಮಸ್ಯೆ ಬೇರೆ ಕಡೆಯಿಂದ ಬಂತು. ದಲ್ಲಾಳಿ ಎಷ್ಟೇ ಕಿತ್ತುಕೊಂಡರೂ ಹತ್ತು ದಿನಕ್ಕೆ ದುಡ್ಡು ಹಾಕುತ್ತಿದ್ದ. ಕಂಪನಿಯವರು ಬಿಲ್ಲು ಬಂದು 45 ದಿನಕ್ಕೆ ಅಂದರು. 2006ರ ಎಂ.ಎಸ್.ಎಂ.ಇ. ಕಾಯ್ದೆ ಪ್ರಕಾರ ಸಣ್ಣ ಉದ್ದಿಮೆಗೆ ಅದಕ್ಕಿಂತ ತಡ ಮಾಡುವ ಹಾಗಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈಗಂತೂ ಆದಾಯ ತೆರಿಗೆಯ ನಿಯಮದಿಂದ, ಗಡುವಿನೊಳಗೆ ಕೊಡದ ಬಾಕಿಯನ್ನು ಕೊಂಡವರು ಆ ವರ್ಷದ ಖರ್ಚು ಅಂತ ತೋರಿಸೋದಕ್ಕೂ ಆಗೋದಿಲ್ಲ. ಕಾನೂನು ಚೆನ್ನಾಗಿದೆ. ಆದರೆ ಆ 45 ದಿನ ಕಾಯಿ ಎಲ್ಲಿಂದ ತರೋದು? ರೈತ ತಕ್ಷಣ ದುಡ್ಡು ಕೇಳುತ್ತಾನೆ, ಆ ರೇಟಿನಲ್ಲಿ ಕೇಳಲೇಬೇಕು. ಬ್ಯಾಂಕಿನ ಲಿಮಿಟ್ ಮುಗಿದಿತ್ತು. ಮಗಳ ಪುಣೆ, ಕೊಚ್ಚಿ ಸುತ್ತುಗಳಲ್ಲಿ ಒಬ್ಬರೂ ಒಂದು ಕಾಯಿ ಕೊಡಲಾರರು. ಯಜಮಾನರು ಹಾಳೆ ನೋಡಿ ಕೇಳಿದ್ದ ಪ್ರಶ್ನೆ ವಾಪಸ್ ಬಂದು ಎದುರಿಗೆ ನಿಂತಿತು.

ಯಜಮಾನರು ಬೆಂಚಿಗೆ ಹೋದರು. ನಾಲ್ಕು ಮಂದಿ ಸೇರಿ ಹದಿನೇಳು ಲೋಡ್ ಕಾಯಿ ಸಾಲ ಕೊಟ್ಟರು. ಬಡ್ಡಿ ಇಲ್ಲ, ಕಾಗದ ಇಲ್ಲ. "ಮಾಡವ್ರಾ ಇದ್ನ" ಅಂತ ಜಗಲಿಯಲ್ಲಿ ಕೇಳಿದವರದ್ದೇ ಐದು ಲೋಡ್. ಮೊದಲ ಪೇಮೆಂಟು 52ನೇ ದಿನಕ್ಕೆ ಬಂತು. ಬಡ್ಡಿ ಕೇಳೋಣ ಅಂದೆ. ಯಜಮಾನರು ಕೈ ಮುಗಿದರು.

ಬ್ರಯಾನ್ ಉಜ್ಜಿ ಅನ್ನುವ ಸಂಶೋಧಕರು ನ್ಯೂಯಾರ್ಕಿನ ಬಟ್ಟೆ ಹೊಲಿಯುವ 23 ಕಂಪನಿಗಳನ್ನು ನೋಡಿ 1997ರಲ್ಲಿ ಬರೆದದ್ದು ಇಲ್ಲಿಗೆ ಹೊಂದುತ್ತೆ. ಗಾಢ ಸಂಬಂಧದಲ್ಲಿ ನಂಬಿಕೆ, ಒಳಸುದ್ದಿ, ಕಷ್ಟಕ್ಕೆ ಕೈಜೋಡಿಸುವುದು ಎಲ್ಲ ಇದೆ. ಅದು ಅತಿಯಾದರೆ ಅದೇ ಕಂಪನಿಯನ್ನು ಕಟ್ಟಿಹಾಕುತ್ತೆ. ನಮ್ಮ ಪ್ರಕರಣದಲ್ಲಿ ಎರಡೂ ಮುಖ ಒಂದೇ ವರ್ಷದಲ್ಲಿ, ಒಂದೇ ಬೆಂಚಿನ ಮೇಲೆ ಕಂಡವು. ಹಾಗಾಗಿ "ಹಳೆಯ ಗುಂಪು ಬಿಡಿ, ಹೊರಗೆ ಬನ್ನಿ" ಅನ್ನುವ ಸಲಹೆ ಯಾರಾದರೂ ಕೊಟ್ಟರೆ ನನಗೆ ನಗು ಬರುತ್ತೆ. ಬಿಟ್ಟಿದ್ದರೆ ಆ ಆರ್ಡರ್ ಮುರಿದು ಬೀಳುತ್ತಿತ್ತು.

ಇದಕ್ಕಿಂತಲೂ ಹತ್ತಿರದ್ದು ಗೆಲೆಟ್ಕಾನಿಚ್ ಮತ್ತು ಹ್ಯಾಂಬ್ರಿಕ್ ಅನ್ನುವ ಸಂಶೋಧಕರು 1997ರಲ್ಲಿ ಮಾಡಿದ ಕೆಲಸ. ಅವರು ನೋಡಿದ ಎರಡು ಉದ್ಯಮಗಳಲ್ಲಿ ಒಂದು ಬ್ರ್ಯಾಂಡಿನ ಆಹಾರದ್ದೇ, ಇನ್ನೊಂದು ಕಂಪ್ಯೂಟರಿನದ್ದು. ಮೇಲಿನ ಅಧಿಕಾರಿಗಳಿಗೆ ತಮ್ಮ ಉದ್ಯಮದ ಒಳಗೇ ಸಂಬಂಧ ಜಾಸ್ತಿ ಇದ್ದರೆ ಕಂಪನಿ ಎಲ್ಲರ ಹಾಗೆ ನಡೆಯುತ್ತೆ. ಹೊರಗೆ ಸಂಬಂಧ ಇದ್ದರೆ ದಾರಿ ಬೇರೆಯಾಗುತ್ತೆ. ಇಷ್ಟು ಊಹಿಸಬಹುದು. ಮುಂದಿನ ಮಾತು ಮುಖ್ಯ: ಯಾವ ಸಂಬಂಧ ಲಾಭ ಕೊಡುತ್ತೆ ಅನ್ನೋದು ಕಂಪನಿ ಹಿಡಿದ ದಾರಿಗೆ ಯಾವ ಸುದ್ದಿ ಬೇಕು ಅನ್ನೋದರ ಮೇಲೆ ನಿಂತಿದೆ. ದೆಹಲಿಗೆ ಅಗ್ಗದ ಮಾಲು ಕಳಿಸುವ ಆಟಕ್ಕೆ ಬೆಂಚು ಸಾಕಾಗಿತ್ತು. ಬಿಸ್ಕತ್ತಿನ ಮೇಲೆ ಉದುರುವ ಪೌಡರಿಗೆ ಬೆಂಚಿನಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಈಗಿನ ಪರಿಸ್ಥಿತಿ ಪೂರ್ತಿ ಹಸನಾಗಿಲ್ಲ. ಮಗಳ ಆ ಸೀನಿಯರ್ ಕೆಲಸ ಬಿಟ್ಟು ಬೇರೆ ಕಡೆ ಹೋದರು. ಒಪ್ಪಂದ ಮುಗಿಯುವ ಹೊತ್ತಿಗೆ ಆ ಕಂಪನಿಯಲ್ಲಿ ಫೋನ್ ಎತ್ತುವವರೇ ಬೇರೆ. ದೂರದ ಎಳೆ ಹಾಗೆ, ಒಂದೇ ಇದ್ದರೆ ಕಡಿದರೆ ಮುಗಿಯಿತು. ಒಪ್ಪಂದ ಮತ್ತೆ ಆಯಿತು, ರೇಟು ಸ್ವಲ್ಪ ಇಳಿಯಿತು. ಈಚೆಗೆ ಬೆಂಚಿನ ಇಬ್ಬರು ಹಬೆ ಲೈನಿನ ವರ್ಕ್‌ಶಾಪ್ ಯಾವುದು ಅಂತ ಕೇಳಿದರು. ಯಜಮಾನರು ಮುಚ್ಚುಮರೆ ಇಲ್ಲದೆ ಹೇಳಿದರು. ಮಗಳಿಗೆ ಸಿಟ್ಟು ಬಂತು. "ಐದು ಲೋಡ್ ಕಾಯಿ ಕೊಟ್ಟೋನಿಗೆ ವಿಳಾಸ ಕೊಡಲ್ಲ ಅನ್ಲಾ?" ಅಂದರು ಅವರು. ವರ್ಕ್‌ಶಾಪ್ ವಿಳಾಸ ಕೊಟ್ಟರು. ಮಾರುವ ರೇಟು ಮಾತ್ರ ಈಗಲೂ ಹೇಳಿಲ್ಲ.

ಕ್ಯಾಲೆಂಡರ್ ಹಾಳೆ ನನ್ನ ಆಫೀಸಿನ ಬೀರುವಿನಲ್ಲೇ ಇದೆ. ಹೋದ ತಿಂಗಳು ತಮ್ಮ ಬಂದು ಅದನ್ನು ತೆಗೆಸಿದರು. ಗೆರೆ ಇಲ್ಲದೆ ಬಿಟ್ಟಿದ್ದ ಕಾಂಗೇಯಂನ ಚಿಪ್ಪಿನವರ ಸುತ್ತಿನ ಮೇಲೆ ಬೆರಳಿಟ್ಟು, "ಇವ್ರು ನಮ್ ಚಿಪ್ಪು ಸುಟ್ಟು ಇದ್ದಿಲು ಮಾಡಿ, ವಾಟರ್ ಫಿಲ್ಟರ್ ಕಾರ್ಬನ್ ಮಾಡೋರಿಗೆ ಕೊಡ್ತಾರಂತೆ ಸಾರ್. ನಾವ್ಯಾಕೆ ಚಿಪ್ಪನ್ನೇ ಕೊಡ್ತಾ ಇದೀವಿ?" ಅಂದರು. ಹೊಗೆ, ಮಾಲಿನ್ಯ ಮಂಡಳಿಯ ಒಪ್ಪಿಗೆ, ಜಾಗ, ಇನ್ನೊಂದು ಸಾಲ, ಎಲ್ಲ ಹೇಳಿದೆ. ಸೋಮವಾರ ಇಬ್ಬರೂ ಅಣ್ಣ ತಮ್ಮ ಕಾಂಗೇಯಂಗೆ ಹೊರಟಿದ್ದಾರೆ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆಯಂತೆ. ಬೆಂಚಿನವರೊಬ್ಬರನ್ನು ಕರೆದುಕೊಂಡು ಹೋಗಬೇಕು ಅಂತ ಅಣ್ಣ, ಬೇಡ ಅಂತ ತಮ್ಮ.